ಬಾಗಿಲಲ್ಲಿ ನಿಂತವನ ಕಾಗದ

ಡಾಂಬರು ಗುಳಿಗೆಯ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ಕೆಲವರಿಗೆ ಊದಿನಕಡ್ಡಿಯ ಹೊಗೆಗೆ ತಲೆನೋವು ಬರುವುದಿಲ್ಲವೇ, ಹಾಗೆ ಅಂದುಕೊಳ್ಳಿ. ಇವತ್ತು ಬೆಳಿಗ್ಗೆ ನನ್ನ ಸೊಸೆ ರೇಷ್ಮೆ ಸೀರೆ ತೆಗೆಯಲೆಂದು ಟ್ರಂಕಿನ ಮುಚ್ಚಳ ಎತ್ತಿದಳು. ವಾಸನೆ ನೆಟ್ಟಗೆ ಅಡುಗೆಮನೆಗೆ ಬಂತು. ಅಲ್ಲಿ ನಾನು ಒಗ್ಗರಣೆಗೆ ಇಟ್ಟಿದ್ದೆ. ಸಾಸಿವೆ ಸೀದುಹೋಯಿತು, ನನ್ನ ಬಾಯಿಂದ ಒಂದು ಬೈಗುಳವೂ ಹೊರಬಿತ್ತು.

“ಮತ್ತ ಆ ಕೋಟು ನೆನಪಾತೇನ್ರಿ ಅತ್ಯಾ?” ಎಂದಳು ಸೊಸೆ, ಸೀರೆ ಕೊಡವುತ್ತಾ. ಈ ಮನೆಗೆ ಬಂದಾಗಿನಿಂದ ಆ ಕೋಟಿನ ಕಥೆ ಕೇಳಿ ಕೇಳಿ ಅವಳಿಗೆ ಬಾಯಿಪಾಠ ಆಗಿದೆ. ನಾನು ಸಿಟ್ಟಿನ ಹೆಂಗಸು. ಹಾಲಿನವನ ಮೇಲೆ, ಬಸ್ಸಿನ ಕಂಡಕ್ಟರನ ಮೇಲೆ, ಟಿವಿಯಲ್ಲಿ ಹವಾಮಾನ ಹೇಳುವವಳ ಮೇಲೆ ಸಿಟ್ಟು ಮಾಡಿಕೊಂಡೇ ಎಪ್ಪತ್ತು ದಾಟಿಸಿದ್ದೇನೆ. ಆದರೆ ಅವೆಲ್ಲ ಊಟದ ಹೊತ್ತಿಗೆ ಇಳಿದುಹೋಗುವ ಸಿಟ್ಟುಗಳು. ಈ ಕೋಟಿನ ಮೇಲಿನದು ಹಾಗಲ್ಲ.

ಆ ಉಣ್ಣೆಯ ಕೋಟಿನೊಳಗೆ ಒಬ್ಬ ಪ್ರೊಫೆಸರರು ಇದ್ದರು. ಹೈದರಾಬಾದಿನ ಏಪ್ರಿಲ್ ತಿಂಗಳಲ್ಲಿ ಉಣ್ಣೆಯ ಕೋಟು ಹಾಕುವ ಮನುಷ್ಯ ಒಂದೋ ದೊಡ್ಡ ವಿದ್ವಾಂಸ ಆಗಿರಬೇಕು, ಇಲ್ಲ ಜ್ವರ ಬಂದಿರಬೇಕು. ಇವರು ವಿದ್ವಾಂಸರು. ಕ್ರೈಸ್ತ ಧರ್ಮದ ಹಳೆಯ ಬರಹಗಳನ್ನು ಅಧ್ಯಯನ ಮಾಡಿದವರು, ಪರದೇಶದಲ್ಲಿ ಓದಿಬಂದವರು, ಮೂಲತಃ ರಾಯಚೂರು ಕಡೆಯ ಹೊಲಮನೆಯುಳ್ಳ ದೊಡ್ಡ ಮನೆತನದವರು. ಅಜ್ಜನ ಕಾಲದಲ್ಲಿ ಮತ ಬದಲಾಗಿತ್ತು, ಹೊಲ ಬದಲಾಗಿರಲಿಲ್ಲ. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಈ ನಿಯಮ ಮಾಡಿದವರು ಬದುಕಿದ್ದಾಗ ಬೇಕಾದ್ದೆಲ್ಲ ಮಾಡಿಕೊಂಡವರೇ ಇರಬೇಕು ಎಂದು ನನಗೆ ಅನುಮಾನ.

ಅವರ ಹೆಸರಿನಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. ಈ ಸಲದ್ದು ಇವತ್ತು ಸಂಜೆ, ಹಿಮಾಯತ್‌ನಗರದ ಒಂದು ಸಭಾಭವನದಲ್ಲಿ. ಮಾತಾಡುವವಳು ನನ್ನ ಗೆಳತಿ ಸುಗುಣಾ. ವಿಷಯ, ಅದೇ ಪ್ರೊಫೆಸರರು “ಲೋಕಕ್ಕೆ ಕೊಟ್ಟ” ಒಂದು ಓದುವ ಪದ್ಧತಿ. ಆಮಂತ್ರಣದಲ್ಲಿ ಹಾಗೇ ಅಚ್ಚಾಗಿದೆ. ಅದನ್ನು ಓದಿದಾಗ ನನಗೆ ಮೈಯೆಲ್ಲ ಉರಿಯಿತು. ಆ ಪದ್ಧತಿ ಹುಟ್ಟಿದ್ದು ನಮ್ಮ ಮನೆಯ ಮಹಡಿಯ ಮೇಲೆ, ಸುಗುಣಾಳ ತಲೆಯಲ್ಲಿ. ಅದನ್ನು ಕಿತ್ತುಕೊಂಡವರ ಫೋಟೋದ ಕೆಳಗೆ ನಿಂತು, ಅದು ಅವರದೇ ಎಂದು ಅವಳೇ ಹೇಳಬೇಕೇ? ಫೋನು ಮಾಡಿ ಜಗಳವಾಡಿದೆ. “ಬರ್ರಿ ಅಕ್ಕಾ, ಬಂದ ಕೇಳ್ರಿ” ಎಂದಳು ಅಷ್ಟೆ. ಹೋಗುವುದಿಲ್ಲ ಎಂದು ಸೊಸೆಗೆ ಹೇಳಿದ್ದೆ. ಅವಳು ಕಿವಿಗೆ ಹಾಕಿಕೊಳ್ಳದೆ ಟ್ರಂಕು ತೆಗೆದಳು. ಸಂಜೆಗೆ ಇನ್ನೂ ಹೊತ್ತಿದೆ. ಅಲ್ಲಿಯವರೆಗೆ ನೀವಾದರೂ ನನ್ನ ಪಕ್ಕ ಕೂತು ಕೇಳಿ.

ನಮ್ಮಪ್ಪ ಕಲಬುರ್ಗಿಯಿಂದ ಬಂದು ಇಲ್ಲಿಯ ಸಚಿವಾಲಯದಲ್ಲಿ ನೌಕರಿಗೆ ಸೇರಿದವರು. ಹೈದರಾಬಾದು ಆಗ ಆಂಧ್ರಪ್ರದೇಶದ ರಾಜಧಾನಿ ಆಗಿತ್ತು. ಫೈಲು ತೆಲುಗಿಗೆ ತಿರುಗುತ್ತಿತ್ತು, ಬೈಗುಳ ಮಾತ್ರ ಉರ್ದುವಿನಲ್ಲೇ ಉಳಿದಿತ್ತು. ಮನೆಯೊಳಗೆ ಕನ್ನಡ, ಓಣಿಯಲ್ಲಿ ತೆಲುಗು, ರಿಕ್ಷಾದವನ ಹತ್ತಿರ ಹಿಂದಿ ಆಡಿಕೊಂಡು ನಾವು ಬೆಳೆದೆವು. ಅಪ್ಪ ಹಿಮಾಯತ್‌ನಗರದಲ್ಲಿ ಮನೆ ಕಟ್ಟಿಸಿ, ಮಹಡಿಯ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಬಿಟ್ಟು ತೀರಿಕೊಂಡರು. ನಾನು ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಂಸ್ಕೃತ ಹೇಳುತ್ತಿದ್ದೆ. ಬಾಡಿಗೆದಾರರನ್ನು ಆರಿಸುವ ಅಧಿಕಾರ ನಮ್ಮಮ್ಮನದು. ಸೊಸೆ ಹುಡುಕುವವರೂ ಅಷ್ಟು ಪ್ರಶ್ನೆ ಕೇಳಲಿಕ್ಕಿಲ್ಲ.

ಸುಗುಣಾ ಬಂದ ದಿನ ಚೆನ್ನಾಗಿ ನೆನಪಿದೆ. ತೆಳ್ಳಗೆ, ಎತ್ತರಕ್ಕೆ, ಕೈಯಲ್ಲಿ ಕೊಡೆ. ಬೀದರ ಕಡೆಯವಳು, ಪಾದ್ರಿಗಳನ್ನು ತಯಾರು ಮಾಡುವ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಅಧ್ಯಾಪಕಿ. ಕ್ರೈಸ್ತರು ಎಂದಳು. ಅಮ್ಮ ಹಣೆಯಿಂದ ಕಾಲವರೆಗೆ ಒಮ್ಮೆ ನೋಡಿ, “ಅದಕ್ಕೂ ಮೊದಲ?” ಎಂದು ಕೇಳಿದಳು.

“ಅದಕ್ಕೂ ಮೊದ್ಲ ನಮ್ಮ ಮುತ್ಯಾ ಗೌಡ್ರ ಮನ್ಯಾಗ ಜೀತಕ್ಕಿದ್ದರಿ,” ಎಂದಳು ಸುಗುಣಾ. “ಬಾಡಿಗಿ ಎಷ್ಟರಿ?”

ಅಮ್ಮ ತಬ್ಬಿಬ್ಬಾಗಿ, ಹೇಳಬೇಕೆಂದಿದ್ದಕ್ಕಿಂತ ಕಡಿಮೆ ಬಾಡಿಗೆ ಹೇಳಿಬಿಟ್ಟಳು. ಆಮೇಲೆ ಆ ನಷ್ಟಕ್ಕೆ ಸೇಡು ಎಂಬಂತೆ, ಅಂಗಳದ ನಲ್ಲಿ ಕೆಳಗಿನವರಿಗೆ, ಮಹಡಿಯ ನಲ್ಲಿ ಮೇಲಿನವರಿಗೆ ಎಂದು ಪ್ರತ್ಯೇಕ ಮಾಡಿದಳು. ಆ ಬೇಸಿಗೆಯಲ್ಲಿ ಅಂಗಳದ ನಲ್ಲಿ ಒಣಗಿ ಹೋಯಿತು. ಅಮ್ಮ ಕೊಡ ಹಿಡಿದು ಮೆಟ್ಟಿಲು ಹತ್ತಿ, “ಸುಗುಣಾ, ನೀರು ಬಂದಾವೇನವಾ?” ಎಂದು ಕೇಳುವುದನ್ನು ನಾನು ಕಿಟಕಿಯಿಂದ ನೋಡಿ ಬಹಳ ಸುಖಪಟ್ಟೆ.

ಸುಗುಣಾ ನನ್ನ ಹತ್ತಿರ ಮೊದಲು ಬಂದದ್ದು ವಿದ್ಯೆಯ ಕೆಲಸಕ್ಕೇ. ಹಳೆಯ ಗ್ರಂಥದ ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಯಾವ ಪಾಠ ಹಳೆಯದು, ಯಾವುದು ಆಮೇಲೆ ಯಾರೋ ಸೇರಿಸಿದ್ದು ಎಂದು ಹೇಗೆ ಗುರುತಿಸುತ್ತೀರಿ ಎಂದು ಕೇಳಿದಳು. ಅವಳು ಡಾಕ್ಟರೇಟಿಗೆ ತೆಗೆದುಕೊಂಡಿದ್ದು ಒಂದೇ ಒಂದು ಕಾಗದ. ಅಂಥ ಕಾಗದವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಅದರ ವಿಷಯ ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ, ಸ್ವಲ್ಪ ತಾಳ್ಮೆ ಇರಲಿ.

ಸುಮಾರು ಎರಡು ಸಾವಿರ ವರ್ಷದ ಹಿಂದೆ, ಸೆರೆಮನೆಯಲ್ಲಿದ್ದ ಒಬ್ಬ ಅಪೊಸ್ತಲ, ಅಂದರೆ ಕ್ರೈಸ್ತ ಮತದ ಮೊದಲ ಪ್ರಚಾರಕರಲ್ಲಿ ಒಬ್ಬ, ತನ್ನ ಪರಿಚಯದ ಒಬ್ಬ ಮನೆಯೊಡೆಯನಿಗೆ ಬರೆದದ್ದು ಅದು. ಒಡೆಯನ ಆಳು ಹೇಗೋ ಅಪೊಸ್ತಲನ ಹತ್ತಿರ ಬಂದಿದ್ದಾನೆ, ಅವನಿಗೆ ಮಗನಂತೆ ಆಗಿದ್ದಾನೆ. ಈಗ ಅವನನ್ನು ತಿರುಗಿ ಕಳಿಸುತ್ತಿದ್ದೇನೆ, ಆಳೆಂದಲ್ಲ, ತಮ್ಮನೆಂದು ಬರಮಾಡಿಕೋ, ಅವನಿಂದ ಏನಾದರೂ ತಪ್ಪಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂಬುದು ಅದರ ಸಾರ. ನಮ್ಮಪ್ಪ ಊರಿಗೆ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರದಲ್ಲಿ ಇಡೀ ಹಿಡಿಸಿಬಿಡುತ್ತದೆ. ಸುಗುಣಾ ಮತ್ತು ನಾನು ಅದನ್ನು ‘ಆಳಿನ ಕಾಗದ’ ಎನ್ನುತ್ತಿದ್ದೆವು.

ಇಷ್ಟು ಚಿಕ್ಕ ಕಾಗದದ ಮೇಲೆ ಪಂಡಿತರು ಬರೆದ ಪುಸ್ತಕಗಳಿಂದ ಅವಳ ಮಂಚದ ಕೆಳಗೆ ಜಾಗ ಇರಲಿಲ್ಲ. ನನಗೋ ಭಾಷ್ಯ, ಟೀಕೆ, ಟೀಕೆಯ ಮೇಲಿನ ಟೀಕೆ ಎಂದರೆ ಹಬ್ಬ. ತಲತಲಾಂತರದಿಂದ ಚರ್ಚಿನ ಪೀಠಗಳಿಂದ ಹೇಳುತ್ತ ಬಂದ ಕಥೆ ಏನೆಂದರೆ, ಆಳು ಒಡೆಯನ ಮನೆಯಲ್ಲಿ ಕದ್ದು ಓಡಿಹೋಗಿದ್ದ, ಅಪೊಸ್ತಲ ಅವನನ್ನು ತಿದ್ದಿದ. ಸುಗುಣಾ ನನ್ನ ಮುಂದೆ ಕಾಗದ ಇಟ್ಟು, ಕದ್ದ ಅಂತ ಎಲ್ಲಿದೆ ತೋರಿಸಿ ಎಂದಳು. ಎಲ್ಲೂ ಇಲ್ಲ. ಓಡಿಹೋದ ಎಂದೂ ಇಲ್ಲ. ಆಳು ಒಡೆಯನ ಮನೆಯಿಂದ ಹೊರಗೆ ಸಿಕ್ಕಿದ ಎಂದರೆ ಕಳ್ಳನೇ ಇರಬೇಕು ಎಂದು ಓದಿದವರು ತೀರ್ಮಾನ ಮಾಡಿದ್ದರು. ಇನ್ನು ಕೆಲವರು ಆ ಕಾಲದ ಕಾಯಿದೆ ನೋಡಿ, ಒಡೆಯನ ಸಿಟ್ಟಿಗೆ ಹೆದರಿ ಅವನ ಗೆಳೆಯನ ಹತ್ತಿರ ಮಧ್ಯಸ್ಥಿಕೆಗೆ ಹೋದವನು ಓಡಿಹೋದವನಲ್ಲ ಎಂದರು. ಒಡೆಯನೇ ಅವನನ್ನು ಸೆರೆಮನೆಗೆ ಊಟ ಬಟ್ಟೆ ಕೊಟ್ಟು ಕಳಿಸಿರಬಹುದಲ್ಲ ಎಂದರು ಮತ್ತೊಂದು ಕಡೆಯವರು. ಆಳೇ ಅಲ್ಲ, ಇಬ್ಬರೂ ಒಡಹುಟ್ಟಿದವರು, ಜಗಳವಾಡಿಕೊಂಡಿದ್ದರು ಎಂಬುವವರೂ ಇದ್ದರು. ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಸಾಮಾನ್ಯ ಜನರ ಹಳೆಯ ಕಾಗದಗಳ ಪಕ್ಕದಲ್ಲಿಟ್ಟು, ಕ್ಷೇಮಸಮಾಚಾರ ಹೇಗೆ ಶುರುವಾಗುತ್ತದೆ, ಶಿಫಾರಸು ಯಾವ ಧಾಟಿಯಲ್ಲಿ ಬರುತ್ತದೆ ಎಂದು ಸಾಲುಸಾಲು ಹೋಲಿಸಿದವರು ನನಗೆ ಎಲ್ಲರಿಗಿಂತ ಇಷ್ಟವಾದರು. ಮಾತಿನ ಚಾತುರ್ಯ ಹುಡುಕುವವರದಂತೂ ಬಲು ಮಜಾ. ಒತ್ತಾಯ ಮಾಡುವುದಿಲ್ಲ ಎನ್ನುತ್ತಲೇ ಅಪೊಸ್ತಲ ಹೇಗೆ ಒತ್ತಾಯ ಮಾಡುತ್ತಾನೆ, ಇಡೀ ಮನೆಯವರಿಗೆ ನಮಸ್ಕಾರ ಹೇಳಿ ಎಲ್ಲರೆದುರು ಓದುವ ಹಾಗೆ ಹೇಗೆ ಮಾಡುತ್ತಾನೆ, ಕೊನೆಗೆ ನಾನೂ ಬರುತ್ತೇನೆ, ಕೋಣೆ ಸಜ್ಜು ಮಾಡಿಡು ಎಂದು ಹೇಗೆ ಹಿಡಿದುಹಾಕುತ್ತಾನೆ. ನಮ್ಮ ಕಡೆಯ ಬೀಗರು ಕಲಿಯಬೇಕಾದ ವಿದ್ಯೆ.

ಸುಗುಣಾ ಇವೆಲ್ಲವನ್ನೂ ಓದಿದ್ದಳು, ಅರೆದು ಕುಡಿದಿದ್ದಳು. ಆದರೆ ಒಂದು ಸಂಜೆ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಾ ಕೇಳಿದಳು: “ಅಕ್ಕಾ, ಆಗ ಕಾಗದಾನ ಎಲ್ಲಾರ ಮುಂದ ಜೋರ ಓದ್ತಿದ್ರು. ತಂದಾವ ಆ ಆಳ ಅಂತ ಭಾಳ ಮಂದಿ ಪಂಡಿತ್ರು ಒಪ್ತಾರ. ಹಂಗಾರ ಓದಾಕತ್ತಾಗ ಅವ ಎಲ್ಲಿದ್ದ?”

“ಎಲ್ಲೋ ನಿಂತಿದ್ದಿರಬೇಕು.”

“ಎಲ್ಲೋ ಅಲ್ಲರಿ. ಬಾಗಲ್ದಾಗ.”

ಅವಳ ಪದ್ಧತಿ ಅಲ್ಲಿಂದ ಹುಟ್ಟಿತು. ಭಾನುವಾರ ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ನಾವು ಕೆಲವರು ಸೇರುತ್ತಿದ್ದೆವು. ಗದಗ ಕಡೆಯ ಒಬ್ಬ ನಿವೃತ್ತ ಪಾದ್ರಿಗಳು, ಸುಗುಣಾಳ ಜೊತೆ ಕಲಿಸುವ ಇಬ್ಬರು ಹೆಂಗಸರು, ನಾನು. ಒಬ್ಬರು ಕುರ್ಚಿಯಲ್ಲಿ ಕೂತು ಕಾಗದವನ್ನು ಕನ್ನಡದಲ್ಲಿ ಪೂರ್ತಿ ಓದಬೇಕು, ಉಳಿದವರು ಮನೆಯವರ ಹಾಗೆ ಸುತ್ತ ಕೂಡಬೇಕು, ಒಬ್ಬರು ಬಾಗಿಲ ಹತ್ತಿರ ಆಳಾಗಿ ನಿಲ್ಲಬೇಕು. ಪ್ರತಿ ವಾರ ಪಾಳಿ ಬದಲು. ಓದು ಮುಗಿದ ಮೇಲೆ ನಿಂತವರನ್ನು ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾವ ಮಾತಿಗೆ ಕೂಡಬೇಕು ಅನ್ನಿಸಿತು?

ಇದೇನು ಶಾಲೆಯ ಮಕ್ಕಳ ನಾಟಕ ಎಂದು ನಾನು ಮೊದಲು ನಕ್ಕಿದ್ದೆ. ನನ್ನ ಪಾಳಿ ಬಂದಾಗ ನಗು ಹೋಯಿತು. ಕೈ ಎಲ್ಲಿಡಬೇಕು ಎಂಬುದೇ ಮೊದಲ ಕಷ್ಟ. ನಿಮ್ಮ ಬಗ್ಗೆಯೇ ಮಾತು ನಡೆದಿರುತ್ತದೆ, ಒಳ್ಳೆಯ ಮಾತೇ, ಆದರೆ ಯಾರೂ ನಿಮ್ಮನ್ನು ಏನೂ ಕೇಳುವುದಿಲ್ಲ. ತಮ್ಮ ಎಂಬ ಮಾತು ಬಂದಾಗ ಈಗ ಯಾರಾದರೂ ಕೂಡು ಅನ್ನುತ್ತಾರೆ ಎಂದು ಕಾಲು ತಾನಾಗಿ ಸಡಿಲಾಗುತ್ತದೆ. ಯಾರೂ ಅನ್ನುವುದಿಲ್ಲ. ಓದುವವರು ಮುಂದಕ್ಕೆ ಹೋಗುತ್ತಾರೆ, ಅವರಿವರ ನಮಸ್ಕಾರ ಹೇಳುತ್ತಾರೆ, ಕಾಗದ ಮುಗಿಯುತ್ತದೆ, ನೀವು ನಿಂತೇ ಇರುತ್ತೀರಿ. ಒಡೆಯ ಏನು ಮಾಡಿದನೆಂದು ಯಾರಿಗೂ ಗೊತ್ತಿಲ್ಲ. ಜೀವಮಾನವಿಡೀ ಕಳ್ಳ ಆಳಿನ ಕಥೆ ಬೋಧಿಸಿದ್ದ ಪಾದ್ರಿಗಳು ತಮ್ಮ ಪಾಳಿ ಮುಗಿಸಿ ಗೋಡೆಗೆ ಒರಗಿ, “ಇನ್ನ ಅವನ್ನ ಕಳ್ಳ ಅನ್ನಾಕ ನನಗ ಬಾಯಿ ಬರಂಗಿಲ್ಲವಾ ಸುಗುಣಾ” ಎಂದರು. ಮಂಚದ ಕೆಳಗಿನ ಪುಸ್ತಕಗಳಲ್ಲಿ ಒಂದೂ ಆ ಮುದುಕರಿಗೆ ಅಷ್ಟು ಮಾಡಿರಲಿಲ್ಲ. ಸುಗುಣಾ ಇದನ್ನೇ ತನ್ನ ಪ್ರಬಂಧದ ಮುಖ್ಯ ಅಧ್ಯಾಯ ಮಾಡಿದಳು.

ಅವಳ ಮಾರ್ಗದರ್ಶಕರು ಕೋಟಿನ ಪ್ರೊಫೆಸರರು. ಅವರು ಸಹಿ ಹಾಕಿದರೆ ಡಾಕ್ಟರೇಟು, ಡಾಕ್ಟರೇಟು ಬಂದರೆ ಕಾಯಂ ನೌಕರಿ. ಊರಿನಲ್ಲಿ ಇನ್ನೂ ಓದುವ ತಮ್ಮಂದಿರಿದ್ದರು. ಎಲ್ಲವೂ ಒಂದು ಸಹಿಯ ಮೇಲೆ ನಿಂತಿತ್ತು. ಸಹಿಗೆ ಮೊದಲು ಒಂದು ಭಾನುವಾರ ಬಂದು ಈ ಪದ್ಧತಿಯನ್ನು ಕಣ್ಣಾರೆ ನೋಡುತ್ತೇನೆ ಎಂದರು. ಈ ಸುದ್ದಿ ಕೇಳಿ ಸುಗುಣಾಳ ಅಪ್ಪ ಶಾಂತಪ್ಪನವರು ಊರಿಂದ ಹೊರಟು, ಮೆಹದಿಪಟ್ಟಣಂನಲ್ಲಿ ಇಳಿದು, ಸಿಟಿ ಬಸ್ಸು ಹಿಡಿದು ಬಂದರು. ಮಗಳ ಕೆಲಸ ನೋಡಲು ದೊಡ್ಡ ಗುರುಗಳು ಬರುತ್ತಾರೆಂದರೆ ತಾನು ಇರಬೇಡವೇ? ಒಗೆದ ಧೋತರ, ಬಿಳಿ ಅಂಗಿ, ತಲೆಗೆ ರುಮಾಲು. ನಮ್ಮಮ್ಮ ಅವರಿಗೆ ಚಹಾ ಕೊಟ್ಟಳು. ಯಾವ ಲೋಟದಲ್ಲಿ ಎಂದು ನಾನು ಹೇಳುವುದಿಲ್ಲ, ನೀವೇ ತಿಳಿದುಕೊಳ್ಳಿ.

ಅವತ್ತು ಆಳಾಗಿ ನಿಲ್ಲುವ ಪಾಳಿ ನನ್ನದು. ಪ್ರೊಫೆಸರರು ಬಂದರು, ಡಾಂಬರು ಗುಳಿಗೆಯ ವಾಸನೆ ಅವರಿಗಿಂತ ಮೊದಲು ಬಂತು. ಎಲ್ಲರೂ ಎದ್ದು ನಿಂತರು, ಅವರು ಕೂತ ಮೇಲೆ ಕೂತರು. ಶಾಂತಪ್ಪನವರು ಮಾತ್ರ ಮಗಳ ಗುರುಗಳೆದುರು ಹೇಗೆ ಕೂಡಲಿ ಎಂದು ಬಾಗಿಲ ಪಕ್ಕದಲ್ಲಿ ನಿಂತೇ ಇದ್ದರು. ಚಪ್ಪಲಿ ಹೊರಗೆ ಬಿಟ್ಟಿದ್ದರು. ನಾನು ಚಹಾ ತರಲು ಕೆಳಗಿಳಿದಿದ್ದೆ. ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಪ್ರೊಫೆಸರರ ಮಾತು ಕಿವಿಗೆ ಬಿತ್ತು.

“ಛಲೋ ಮಾಡೀ ಸುಗುಣಾ. ಆಳಿನ ಜಾಗಾಕ ಖರೇ ಆಳನ್ನ ಕರಸೀದಿ. ಭಾಳ ಸಹಜ ಕಾಣಾಕತ್ತೈತಿ.”

ಸುಗುಣಾ ಮೆಲ್ಲಗೆ, “ಅವ್ರು ನಮ್ಮಪ್ಪರಿ, ಸರ್” ಎಂದಳು.

ಯಾರಿಗಾದರೂ ಇಂಥ ತಪ್ಪು ಆಗಬಹುದು, ಒಪ್ಪುತ್ತೇನೆ. ಆ ಕ್ಷಣಕ್ಕೆ ಅವರು ಎದ್ದು ಕೈಮುಗಿದಿದ್ದರೆ ಇವತ್ತು ನನ್ನ ಈ ಬರಹವೇ ಇರುತ್ತಿರಲಿಲ್ಲ. ಆದರೆ ಪ್ರೊಫೆಸರರ ಮುಖ ಅರಳಿತು. “ಹೌದಾ? ಹಂಗಾದ್ರ ಇನ್ನೂ ಛಲೋ ಆತು” ಎಂದು ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡು, ತಮಗಿಂತ ಎಷ್ಟೋ ಹಿರಿಯರಾದ ಶಾಂತಪ್ಪನವರನ್ನು ಕೇಳಿದರು: “ನಿನಗ ಇದರ ಅನುಭವ ಇರ್ತೈತಿ. ಒಡಿಯಾ ಮಾತಾಡುವಾಗ ಹಿಂಗ ನಿಂತ್ರ ಮನಸ್ನ್ಯಾಗ ಏನ್ ಬರ್ತೈತಿ, ಹೇಳು.”

ಶಾಂತಪ್ಪನವರು ನಕ್ಕರು. ಕೈ ಜೋಡಿಸಿದರು. “ಸಾಹೇಬ್ರ ದಯಾ ಇರ್ಲಿ ಅಂತ ಬರ್ತೈತ್ರಿ” ಎಂದರು.

“ಅಪ್ಪಾ, ಕುಂದ್ರು” ಎಂದಳು ಸುಗುಣಾ.

“ಇರ್ಲಿ ಬಿಡವಾ. ಸಾಹೇಬ್ರು ಕೇಳಾಕತ್ತಾರ.”

ಸುಗುಣಾ ಓದಬೇಕಿದ್ದ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟಳು. ಅವಳ ದನಿ ಏರಲಿಲ್ಲ. “ಸರ್, ಇಲ್ಲಿ ನಾವೆಲ್ಲಾರೂ ಪಾಳಿ ಮ್ಯಾಲ ನಿಂತೀವ್ರಿ. ಪಾದ್ರಿಯವ್ರೂ ನಿಂತಾರ. ಇವತ್ತ ನೀವು ನಿಂದರ್ರಿ. ನಾ ಓದ್ತೀನಿ.”

“ನಾ ನೋಡಾಕ ಬಂದೀನಿ ಸುಗುಣಾ,” ಎಂದರು ಅವರು. “ನಿಂದ್ರಾಕ ಬಂದಿಲ್ಲ.”

ಚಹಾ ಕುಡಿಯದೆ ಹೋದರು. ಅವರನ್ನು ಗೇಟಿನವರೆಗೆ ಬಿಟ್ಟುಬರಲು ಶಾಂತಪ್ಪನವರೇ ಹೋದರು. ವಾಪಸು ಬಂದ ಅವರ ಮೇಲೆ ನಾನು ಹರಿಹಾಯ್ದೆ. ಯಾಕೆ ನಕ್ಕಿರಿ, ಯಾಕೆ ಕೈಮುಗಿದಿರಿ ಎಂದು ಕೇಳಿದೆ. ಅವರು ಮೆಟ್ಟಿಲ ಮೇಲೆ ಕೂತು ರುಮಾಲು ತೆಗೆದು ಮುಖ ಒರೆಸಿಕೊಂಡರು. “ನಾ ಕುಂತಿದ್ರ ಅವ್ರು ಎದ್ದ ಹೋಗ್ತಿದ್ರು ಬಾಯಾರ” ಎಂದರು. “ಮಗಳ ಕೆಲಸ ಕೆಡ್ತಿತ್ತು. ಹೆಂಗೂ ಕೆಟ್ಟತಿ, ಬಿಡ್ರಿ.”

ಹೌದು, ಕೆಟ್ಟಿತು. ಪ್ರೊಫೆಸರರು ತಮ್ಮ ಅಭಿಪ್ರಾಯ ಬರೆದು ಕಳಿಸಿದರು. ಪಂಡಿತರ ಬೇರೆ ಬೇರೆ ಮಾರ್ಗಗಳನ್ನು ವಿವರಿಸಿದ ಅಧ್ಯಾಯಗಳು ಉತ್ತಮ. ನಿಂತು ಕೇಳುವ ಅಧ್ಯಾಯದಲ್ಲಿ ವಸ್ತುನಿಷ್ಠತೆ ಇಲ್ಲ, ಬರೀ ಭಾವುಕತೆ. ಅದನ್ನು ತೆಗೆದರೆ ಸಹಿ.

ಅವರ ಕಚೇರಿಗೆ ನಾವಿಬ್ಬರೂ ಹೋದೆವು. ಫ್ಯಾನು ಜೋರಾಗಿ ತಿರುಗುತ್ತಿತ್ತು, ಕೋಟು ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಬಹಳ ಸಮಾಧಾನದಿಂದ ಮಾತಾಡಿದರು. ಅದೇ ನನಗೆ ಸಹಿಸಲಾಗದ್ದು.

“ವಿದ್ವತ್ತಿಗೆ ದೂರ ಬೇಕವಾ. ನಿಮ್ಮ ಮುತ್ಯಾ ಜೀತಕ್ಕಿದ್ದ ಅಂತ ನೀನ ಬರದೀ. ಅಷ್ಟ ಹತ್ರ ನಿಂತವರಿಗೆ ಪೂರಾ ಚಿತ್ರ ಕಾಣಂಗಿಲ್ಲ.”

ಸುಗುಣಾ ಅವರು ಬರೆದು ಕಳಿಸಿದ್ದ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟಳು. ನನಗೆ ಸುಮ್ಮನಿರಲು ಬರುವುದಿಲ್ಲ. “ನಿಮ್ಮ ಅಜ್ಜಾರು ಜೀತಕ್ಕ ಇಟ್ಕೊಂಡವ್ರಲ್ಲರಿ,” ಎಂದೆ. “ಅದು ದೂರ ಹೆಂಗಾಗ್ತದ? ಹಗ್ಗದ ಆ ತುದಿ ಹಿಡದವ್ರಿಗೆ ಪೂರಾ ಚಿತ್ರ ಕಾಣ್ತದೇನು?”

ಅವರು ಸಿಟ್ಟಾಗಲಿಲ್ಲ. “ನೀವು ಸಂಸ್ಕೃತದವ್ರು. ಇದು ನಿಮ್ಮ ವಿಷಯ ಅಲ್ಲ” ಎಂದು ಹೇಳಿ ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಈಗಲೂ ಯೋಚಿಸುತ್ತೇನೆ. ಆಳು ಕಳ್ಳನೇ ಎಂದು ಸಾವಿರಾರು ವರ್ಷ ಬರೆದವರು ಯಾರು? ಮನೆಯಲ್ಲಿ ಆಳಿಟ್ಟುಕೊಂಡವರು. ಅವರಿಗೆ ಯಾರೂ ನೀವು ಬಹಳ ಹತ್ತಿರ ಇದ್ದೀರಿ, ದೂರ ಸರಿಯಿರಿ ಎನ್ನಲಿಲ್ಲ. ಅವರ ಊಹೆಗೆ ಮಾರ್ಗ ಎಂದು ಹೆಸರು ಬಂತು, ಸುಗುಣಾ ಕಂಡದ್ದಕ್ಕೆ ಭಾವುಕತೆ ಎಂದು ಹೆಸರು ಬಂತು. ನನ್ನ ಶಾಸ್ತ್ರದಲ್ಲಿಯೂ ಇದೇ ಕಥೆ. ಅದನ್ನು ಬರೆಯಲು ಹೊರಟರೆ ಈ ಸಂಜೆ ಸಾಲದು, ನೆಂಟರೂ ಉಳಿಯುವುದಿಲ್ಲ.

ಸುಗುಣಾ ಅಧ್ಯಾಯ ತೆಗೆದಳು. ಸಹಿ ಬಿತ್ತು, ಕಾಯಂ ನೌಕರಿ ಆಯಿತು, ತಮ್ಮಂದಿರು ಓದಿದರು. ನಾನು ಅವಳ ಜೊತೆ ಎಷ್ಟೋ ದಿನ ಮಾತು ಬಿಟ್ಟೆ. ಬಾಡಿಗೆದಾರಳ ಜೊತೆ ಮಾತು ಬಿಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ದಿನಾ ಮೆಟ್ಟಿಲ ಮೇಲೆ ಎದುರಾಗುತ್ತಾರೆ. ಕೊನೆಗೆ ಅಮ್ಮನೇ ಬೈದು ಮಾತಾಡಿಸಿದಳು.

ಕೆಲವು ವರ್ಷಗಳ ಮೇಲೆ ಪ್ರೊಫೆಸರರ ದಪ್ಪನೆಯ ಪುಸ್ತಕ ಬಂತು. ಆಳಿನ ಕಾಗದದ ಅಧ್ಯಯನಕ್ಕೆ ಹೊಸದೊಂದು ಮಾರ್ಗ, ನಿಂತು ಕೇಳುವ ಓದು. ಬಾಗಿಲು, ಪಾಳಿ, ಯಾವ ಮಾತಿಗೆ ಕೂಡಬೇಕೆನಿಸಿತು ಎಂಬ ಪ್ರಶ್ನೆ, ಎಲ್ಲವೂ ಇತ್ತು. ನಮ್ಮ ಪಾದ್ರಿಗಳ ಮಾತೂ ಇತ್ತು, ಬಾಯಿ ಮಾತ್ರ ಬೇರೆಯವರದಾಗಿತ್ತು. ಮುನ್ನುಡಿಯಲ್ಲಿ ‘ಒಬ್ಬ ವಿದ್ಯಾರ್ಥಿನಿ’ಗೆ ಕೃತಜ್ಞತೆ. ಹೆಸರಿಲ್ಲ. ನಮ್ಮ ಮಹಡಿಯಲ್ಲಿ ಭಾವುಕತೆ ಆಗಿದ್ದದ್ದು ಅವರ ಮೇಜಿನ ಮೇಲೆ ವಿದ್ವತ್ತಾಯಿತು. ನಾನು ಪತ್ರಿಕೆಗೆ ಬರೆಯುತ್ತೇನೆ, ಕೋರ್ಟಿಗೆ ಹೋಗುತ್ತೇನೆ ಎಂದು ಕುಣಿದೆ. ಸುಗುಣಾ ಪುಸ್ತಕವನ್ನು ಪೂರ್ತಿ ಓದಿ ಮುಚ್ಚಿಟ್ಟು, “ಅಕ್ಕಿ ತೀರ್ಯಾವ, ಬಜಾರಕ್ಕ ಬರ್ತೀರೇನು ಅಕ್ಕಾ?” ಎಂದಳು. ಇವಳಿಗೆ ಸಿಟ್ಟೇ ಇಲ್ಲವಲ್ಲ, ಇವಳ ಪಾಲಿನದನ್ನೂ ನಾನೇ ಹೊರಬೇಕಲ್ಲ ಎಂದು ಅವತ್ತಿನಿಂದ ನಾನು ಹೊತ್ತುಕೊಂಡು ತಿರುಗುತ್ತಿದ್ದೇನೆ. ಶಾಂತಪ್ಪನವರು ತೀರಿಹೋದರು, ಅಮ್ಮ ಹೋದಳು, ರಾಜ್ಯ ಎರಡಾಯಿತು, ಸುಗುಣಾ ನಿವೃತ್ತಳಾಗಿ ಕೂಕಟ್‌ಪಲ್ಲಿಯ ಫ್ಲ್ಯಾಟಿಗೆ ಹೋದಳು. ನನ್ನ ಸಿಟ್ಟು ಇದ್ದಲ್ಲೇ ಇತ್ತು.

ಇಷ್ಟು ಬರೆಯುವಷ್ಟರಲ್ಲಿ ಸೊಸೆ ಬಂದು ಪೆನ್ನು ಕಸಿದುಕೊಂಡು ಸೀರೆ ಉಡಿಸಿದಳು. ಉಳಿದದ್ದನ್ನು ಮರುದಿನ ಬೆಳಿಗ್ಗೆ ಬರೆಯುತ್ತಿದ್ದೇನೆ.

ಹೋದೆ. ಭವನ ತುಂಬಿತ್ತು. ಪಾದ್ರಿಗಳು, ಅಧ್ಯಾಪಕರು, ಮುಂದಿನ ಸಾಲಿನಲ್ಲಿ ಪ್ರೊಫೆಸರರ ಮನೆಯವರು. ವೇದಿಕೆಯ ಮೇಲೆ ದೊಡ್ಡ ಫೋಟೋ, ಅದಕ್ಕೆ ಹಾರ. ಸುಗುಣಾ ಮೈಕಿನ ಹತ್ತಿರ ಬಂದು, ಕುರ್ಚಿ ಬೇಕು ಎಂದಳು. ತಂದರು. ಕೂತಳು. ಎಲ್ಲರಿಗೂ ತಿಳಿಯಲಿ ಎಂದು ತೆಲುಗಿನಲ್ಲಿ ಮಾತಾಡಿದಳು. ಈ ಪದ್ಧತಿಯನ್ನು ವಿವರಿಸಲು ಬರುವುದಿಲ್ಲ, ಮಾಡಿಯೇ ನೋಡಬೇಕು, ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ ಎಂದಳು. ಜನ ಮುಗುಳ್ನಗುತ್ತಾ ಎದ್ದರು. ನಾನೂ ಮೊಣಕಾಲು ಹಿಡಿದುಕೊಂಡು ಎದ್ದೆ. ಅವಳು ಆಳಿನ ಕಾಗದವನ್ನು ಮೊದಲಿಂದ ಕೊನೆಯವರೆಗೆ, ಅವಸರವಿಲ್ಲದೆ ಓದಿದಳು. ಮುಗಿಯಿತು. ಹಾಳೆ ಮಡಚಿ ಸುಮ್ಮನೆ ಕೂತಳು.

ಮೊದಲು ಕೆಮ್ಮು, ಆಮೇಲೆ ಕಾಲು ಬದಲಾಯಿಸುವ ಸದ್ದು. ಮುಂದಿನ ಸಾಲಿನಿಂದ ಪ್ರೊಫೆಸರರ ಮಗ, ತಲೆ ನರೆತವರು, ವಿನಯದಿಂದ ಕೇಳಿದರು: “ಮೇಡಂ, ಕೂರ್ಚೋವಚ್ಚಾ?” ಕೂಡಬಹುದೇ ಎಂದು.

ಆ ಪ್ರಶ್ನೆಗೆ ಈ ಕಾಗದದಲ್ಲಿ ಉತ್ತರ ಇಲ್ಲ ಎಂದಳು ಸುಗುಣಾ. ನಮ್ಮಪ್ಪನಿಗೂ ಸಿಗಲಿಲ್ಲ ಎಂದಳು. ಆಮೇಲೆ, ಅವರೆಲ್ಲ ನಿಂತಿರುವಂತೆಯೇ, ಆ ಭಾನುವಾರ ನಡೆದದ್ದನ್ನು ಹೇಳಿದಳು. ತನ್ನ ಅಪ್ಪನ ಹೆಸರು ಹೇಳಿದಳು, ಊರು ಹೇಳಿದಳು. ಪ್ರೊಫೆಸರರು ಆಡಿದ ಮಾತುಗಳನ್ನು ಒಂದಕ್ಷರ ಕೂಡಿಸದೆ, ಬಿಡದೆ ಹೇಳಿದಳು. ತೆಗೆಸಿದ ಅಧ್ಯಾಯ ಯಾರದು, ಪುಸ್ತಕಕ್ಕೆ ಅದು ಹೇಗೆ ಬಂತು ಎಂದು ಹೇಳಿದಳು. ಬೈಗುಳ ಒಂದೂ ಇರಲಿಲ್ಲ. ಎಲ್ಲ ಮುಗಿಸಿ, ಕೂಡಿ ಎನ್ನದೆ, ಕೈಚೀಲ ತೆಗೆದುಕೊಂಡು ವೇದಿಕೆ ಇಳಿದು ನನ್ನ ಹತ್ತಿರ ಬಂದು ತೋಳು ಹಿಡಿದಳು. ನಾವಿಬ್ಬರೂ ನಡುವಿನ ದಾರಿಯಲ್ಲಿ ನಡೆದು ಹೊರಬಂದೆವು. ಹಿಂದೆ ಕುರ್ಚಿಯ ಸದ್ದು ಕೇಳಲಿಲ್ಲ.

ಆಟೋ ಹತ್ತಿದೆವು. ನನಗೆ ಅಳು ಬಂದಿತ್ತು, ಅವಳ ಕಣ್ಣು ಒಣಗಿದ್ದವು. ನಾನೇ ಕೇಳಿದೆ: “ಇದನ್ನ ಎಂದಿನಿಂದ ಮನಸ್ಸಿನಾಗ ಇಟ್ಕೊಂಡಿದ್ದಿ?”

“ಅಪ್ಪ ಕೈ ಮುಗದನಲ್ಲರಿ, ಆಗಿಂದ.”

“ಮತ್ತ ನನಗ್ಯಾಕ ಹೇಳಲಿಲ್ಲ? ಇಷ್ಟ ವರ್ಷ ನಾ ಒಬ್ಬಾಕೀನೇ ಉರ್ಕೊಂಡೆ.”

ಸುಗುಣಾ ಆಟೋದ ಹೊರಗೆ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ನಿನ್ನೆಯೇ ಮೊದಲ ಸಲ ನೋಡಿದ್ದು.

“ನೀವು ಒದರತಿದ್ರಿ ಅಕ್ಕಾ,” ಎಂದಳು. “ಸಿಟ್ಟು ನನಗಿತ್ತು.”